ಎಂಎಲ್ ಬಿಟ್ಟು ಗ್ರಾಂ ನೋಡಿ: ಅಂಗಡಿ ಐಸ್‌ಕ್ರೀಮ್ ಆರಿಸುವುದು ಹೇಗೆ?

ಏಪ್ರಿಲ್ ಬಂತು ಅಂದರೆ ವಿಜಯಪುರದಲ್ಲಿ ಮಧ್ಯಾಹ್ನದ ರಸ್ತೆಗಳು ಖಾಲಿ. 40 ಡಿಗ್ರಿ ದಾಟಿದ ಬಿಸಿಲಿಗೆ ಯಾರೂ ಸುಮ್ನೆ ಹೊರಬೀಳುವುದಿಲ್ಲ. ಹೊತ್ತು ಮುಳುಗಿ ಗಾಳಿ ಸ್ವಲ್ಪ ತಣ್ಣಗಾದ ಮೇಲೆ ಊರಿಗೆ ಮತ್ತೆ ಜೀವ ಬರುತ್ತದೆ. ರೊಟ್ಟಿ ಊಟ ಮುಗಿಸಿ ಮನೆಮಂದಿ ಎಲ್ಲ ಸ್ಟೇಷನ್ ರಸ್ತೆ ಕಡೆ ಒಂದು ಸುತ್ತು ಹೋಗುತ್ತೇವೆ. ತಿರುಗಿ ಬರುವಾಗ ಓಣಿ ತುದಿಯ ಅಂಗಡಿಯ ಫ್ರೀಜರ್ ಮುಂದೆ ನಿಲ್ಲುವುದು ನಮ್ಮ ಬೇಸಿಗೆ ರೂಢಿ.

ಮಗಳಿಗೆ ಕೋನ್ ಬೇಕು. ಮಗನಿಗೆ ಚೋಕೋಬಾರ್. ನಮ್ಮವರಿಗೆ ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ ಇದೆ, ಆದರೂ ಕಣ್ಣು ಕುಲ್ಫಿ ಮೇಲೆ. ಅತ್ತೆಗೆ ಸಕ್ಕರೆ ಕಾಯಿಲೆ, ಐಸ್‌ಕ್ರೀಮ್ ಅಂದರೆ ಜೀವ ಬಿಡುತ್ತಾರೆ. "ಎರಡ ಚಮಚ ಸಾಕವ್ವಾ" ಅನ್ನುತ್ತಾರೆ. ಆ ಎರಡು ಚಮಚ ಯಾವುದರಿಂದ ಕೊಡಬೇಕು ಅನ್ನುವುದೇ ನನ್ನ ಪ್ರಶ್ನೆ. ಅಂಗಡಿಯವರನ್ನು ಕೇಳಿದರೆ "ಎಲ್ಲಾ ಒಂದ ರೀ, ಹೆಸರಷ್ಟ ಬ್ಯಾರೆ" ಅನ್ನುತ್ತಾರೆ. ಎಲ್ಲಾ ಒಂದೇ ಅಲ್ಲ. ಈ ಎರಡು ವರ್ಷದಲ್ಲಿ ಡಬ್ಬಿ ತಿರುಗಿಸಿ ಓದಿ ಓದಿ ನನಗೆ ಗೊತ್ತಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಓದುವ ರೂಢಿ ಬಿದ್ದದ್ದು ಮಗಳ ಹುಟ್ಟುಹಬ್ಬದ ದಿನ. 4 ಲೀಟರಿನ ದೊಡ್ಡ ಡಬ್ಬಿ ತಂದಿದ್ದೆ. ಓಣಿಯ ಮಕ್ಕಳೆಲ್ಲ ಸೇರಿದ್ದರು. ಬಾಗಲಕೋಟೆಯ ನವನಗರದಿಂದ ಬಂದಿದ್ದ ತಂಗಿ ಬಡಿಸುತ್ತಾ ಮುಚ್ಚಳ ತಿರುಗಿಸಿ ನೋಡಿದಳು. "ಅಕ್ಕಾ, ಇದು ಐಸ್‌ಕ್ರೀಮ್ ಅಲ್ಲ, ಫ್ರೋಜನ್ ಡೆಸರ್ಟ್" ಅಂದಳು. ನಾನು ನಂಬಲಿಲ್ಲ. ಮುಚ್ಚಳದ ಮೇಲೆ ದೊಡ್ಡ ಮಾವಿನಹಣ್ಣು, ಅದರ ಮೇಲೆ ಬಿಳಿ ಕೆನೆ ಸುರಿಯುವ ಚಿತ್ರ. ಐಸ್‌ಕ್ರೀಮ್ ಅನ್ನುವ ಶಬ್ದ ಮಾತ್ರ ಎಲ್ಲೂ ಇರಲಿಲ್ಲ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ಸಸ್ಯಜನ್ಯ ಎಣ್ಣೆ ಇದೆ ಅಂತ ಬರೆದಿತ್ತು. ಅವರು ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ್ದು ಒಂದು, ಕೈಗೆ ಬಂದದ್ದು ಒಂದು. ಹಾಲಿನದ್ದು ಅಂತ ನಂಬಿ ಮಕ್ಕಳಿಗೆ ಎರಡೆರಡು ಸಲ ಬಡಿಸಿದ್ದೆನಲ್ಲ ಅಂತ ಬೇಜಾರಾಯಿತು.

ಐಸ್‌ಕ್ರೀಮ್ ಮತ್ತು ಫ್ರೋಜನ್ ಡೆಸರ್ಟ್

ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಇಲ್ಲಿ ಸ್ಪಷ್ಟವಾಗಿದೆ. ಐಸ್‌ಕ್ರೀಮ್ ಅಂತ ಹೆಸರು ಹಾಕಬೇಕಾದರೆ ಅದರಲ್ಲಿ ಕಡಿಮೆ ಅಂದರೂ 10% ಹಾಲಿನ ಕೊಬ್ಬು ಇರಬೇಕು, 3.5% ಹಾಲಿನ ಪ್ರೋಟೀನ್ ಇರಬೇಕು. ಹಾಲಿನ ಕೊಬ್ಬು 2.5% ಮತ್ತು 10% ನಡುವೆ ಇದ್ದರೆ ಮೀಡಿಯಂ ಫ್ಯಾಟ್ ಐಸ್‌ಕ್ರೀಮ್. 2.5% ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಲೋ ಫ್ಯಾಟ್. ಹಾಲಿನ ಕೊಬ್ಬಿನ ಜಾಗದಲ್ಲಿ ತಾಳೆ ಎಣ್ಣೆ, ತೆಂಗಿನ ಎಣ್ಣೆ ಥರದ ಸಸ್ಯಜನ್ಯ ಕೊಬ್ಬು ಬಂದರೆ ಅದು ಫ್ರೋಜನ್ ಡೆಸರ್ಟ್. ಅದರಲ್ಲೂ ಹಾಲಿನ ಪುಡಿ ಇರುತ್ತದೆ, ಕೊಬ್ಬು ಮಾತ್ರ ಎಣ್ಣೆಯದು. ಹಾಗಾಗಿ ಹಾಲು ಅರಗದವರು, ಹಾಲಿನ ಅಲರ್ಜಿ ಇರುವವರು "ಇದು ಹಾಲಿನದ್ದಲ್ಲವಲ್ಲ" ಅಂತ ಫ್ರೋಜನ್ ಡೆಸರ್ಟ್ ತಿಂದರೆ ತೊಂದರೆ ತಪ್ಪುವುದಿಲ್ಲ.

ಬ್ರ್ಯಾಂಡ್ ಹೆಸರು ನೋಡಿ ಇದನ್ನು ತೀರ್ಮಾನಿಸಲು ಆಗುವುದಿಲ್ಲ. ನಂದಿನಿ, ಅಮುಲ್ ಥರದ ಸಹಕಾರಿ ಸಂಸ್ಥೆಗಳದ್ದು ಹಾಲಿನ ಕೊಬ್ಬಿನ ಐಸ್‌ಕ್ರೀಮ್. ಆದರೆ ಎಷ್ಟೋ ಖಾಸಗಿ ಕಂಪನಿಗಳು ಒಂದೇ ಹೆಸರಿನಲ್ಲಿ ಎರಡನ್ನೂ ಮಾರುತ್ತವೆ. ನಮ್ಮ ಪಕ್ಕದ ಬೆಳಗಾವಿಯ ಐಸ್‌ಕ್ರೀಮ್ ಬ್ರ್ಯಾಂಡ್ ಆದಿತ್ಯ ಮಿಲ್ಕ್ ಗೊತ್ತಲ್ವಾ? 2018ರಲ್ಲಿ ಹಿಂದುಸ್ತಾನ್ ಯೂನಿಲಿವರ್ ಅದನ್ನು ಕೊಂಡಾಗ, ಐಸ್‌ಕ್ರೀಮ್ ಮತ್ತು ಫ್ರೋಜನ್ ಡೆಸರ್ಟ್ ಎರಡೂ ವ್ಯಾಪಾರವನ್ನು ಕೊಂಡಿದ್ದೇವೆ ಅಂತಲೇ ಹೇಳಿತ್ತು. ಒಂದೇ ಫ್ರೀಜರಿನಲ್ಲಿ, ಒಂದೇ ಹೆಸರಿನ ಕಪ್ ಹಾಲಿನದ್ದಿರಬಹುದು, ಕೋನ್ ಎಣ್ಣೆಯದಿರಬಹುದು. ಪ್ರತಿ ಸಲ, ಪ್ರತಿ ಪೊಟ್ಟಣ ತಿರುಗಿಸಿ ನೋಡುವುದೇ ದಾರಿ.

ಇನ್ನು ಆರೋಗ್ಯಕ್ಕೆ ಯಾವುದು ಮೇಲು? ಇಲ್ಲಿ ವಾಟ್ಸಾಪ್ ಮಾತು ಬಹಳ ಓಡಾಡುತ್ತದೆ. "ಫ್ರೋಜನ್ ಡೆಸರ್ಟ್ ಅಂದರೆ ವನಸ್ಪತಿ" ಅನ್ನುವುದು ಅದರಲ್ಲಿ ಒಂದು. ಈ ಮಾತು ಕೋರ್ಟ್ ತನಕ ಹೋಗಿತ್ತು. ಫ್ರೋಜನ್ ಡೆಸರ್ಟಿನಲ್ಲಿ ವನಸ್ಪತಿ ಇರುತ್ತದೆ ಅಂತ ಅಮುಲ್ ಜಾಹೀರಾತು ಮಾಡಿದಾಗ, ಫ್ರೋಜನ್ ಡೆಸರ್ಟ್ ಮಾರುತ್ತಿದ್ದ ಹಿಂದುಸ್ತಾನ್ ಯೂನಿಲಿವರ್ ಬಾಂಬೆ ಹೈಕೋರ್ಟಿಗೆ ಹೋಯಿತು. 2017ರಲ್ಲಿ ಕೋರ್ಟ್ ಆ ಜಾಹೀರಾತಿಗೆ ತಡೆ ಕೊಟ್ಟಿತು. ವನಸ್ಪತಿಯ ದೊಡ್ಡ ಭಯ ಟ್ರಾನ್ಸ್ ಫ್ಯಾಟ್, ಅಂದರೆ ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ, ಹೃದಯಕ್ಕೆ ಕೆಟ್ಟದ್ದಾದ ಕೊಬ್ಬು. ಅದಕ್ಕೂ ಈಗ ಕಟ್ಟು ಬಿದ್ದಿದೆ. 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಕಾರ್ಖಾನೆಯಲ್ಲಿ ಹುಟ್ಟುವ ಟ್ರಾನ್ಸ್ ಫ್ಯಾಟ್ 2% ಮೀರಬಾರದು ಅಂತ ನಿಯಮ ಇದೆ.

ಹಾಗಂತ "ಎಣ್ಣೆಯದು, ಕೊಲೆಸ್ಟ್ರಾಲ್ ಇಲ್ಲ, ಒಳ್ಳೆಯದು" ಅನ್ನುವ ಮಾತನ್ನೂ ಪೂರ್ತಿ ಒಪ್ಪಲಾಗದು. ಸಸ್ಯಜನ್ಯ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇಲ್ಲ, ನಿಜ. ಆದರೆ ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರಿಸುವುದರಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಪಾಲು ದೊಡ್ಡದು. ಹಾಲಿನ ಕೊಬ್ಬಿನಲ್ಲಿ ಇದು ಸುಮಾರು 60 ರಿಂದ 65%. ತಾಳೆ ಎಣ್ಣೆಯಲ್ಲಿ ಅರ್ಧದಷ್ಟು. ತೆಂಗಿನ ಎಣ್ಣೆಯಲ್ಲಿ 80% ಮೇಲೆ. ಅಂದರೆ 10% ಕೊಬ್ಬಿನ ಪದಾರ್ಥ 100 ಗ್ರಾಂ ತಿಂದರೆ, ಹಾಲಿನದ್ದರಿಂದ ಸುಮಾರು 6 ಗ್ರಾಂ, ತಾಳೆ ಎಣ್ಣೆಯದರಿಂದ 5 ಗ್ರಾಂ, ತೆಂಗಿನ ಎಣ್ಣೆಯದರಿಂದ 8 ಗ್ರಾಂ ಮೇಲೆ ಸ್ಯಾಚುರೇಟೆಡ್ ಕೊಬ್ಬು ಹೊಟ್ಟೆಗೆ ಹೋಗುತ್ತದೆ. ಪೊಟ್ಟಣದ ಮೇಲಿನ ಲೆಕ್ಕದಲ್ಲಿ ಈ ಕೊಬ್ಬಿಗೆ ದಿನದ ಮಿತಿ 22 ಗ್ರಾಂ. ಒಂದು ಗ್ರಾಂ ಅತ್ತ ಇತ್ತ ಆಗುವುದಕ್ಕೆ ಹಾಲೋ ಎಣ್ಣೆಯೋ ಅಂತ ಜಗಳ ಆಡಬೇಕಿಲ್ಲ. ಯಾವ ಎಣ್ಣೆ ಅನ್ನುವುದನ್ನು ಮಾತ್ರ ನೋಡಿಕೊಳ್ಳಿ.

ನಾನು ಹಾಲಿನದ್ದನ್ನೇ ಆರಿಸುತ್ತೇನೆ. ಕಾರಣ ರುಚಿ, ಮತ್ತು ಕೊಟ್ಟ ದುಡ್ಡಿಗೆ ಹಾಲು ಸಿಗಬೇಕು ಅನ್ನುವ ಹಟ. ವಿಜಯಪುರ ಮತ್ತು ಬಾಗಲಕೋಟೆ ಎರಡೂ ಜಿಲ್ಲೆಗೆ ಸೇರಿ ಒಂದೇ ಹಾಲು ಒಕ್ಕೂಟ ಇದೆ. ನಮ್ಮ ಸುತ್ತಲಿನ ಹಳ್ಳಿಯ ಎಮ್ಮೆ, ಆಕಳು ಕಟ್ಟಿಕೊಂಡವರ ಹಾಲು ಅಲ್ಲಿಗೆ ಹೋಗುತ್ತದೆ. ಹಾಲಿನ ಕೊಬ್ಬಿಗೆ ಬೇಡಿಕೆ ಇದ್ದರೆ ಅವರಿಗೆ ನಾಲ್ಕು ಕಾಸು ಜಾಸ್ತಿ ಸಿಗುತ್ತದೆ ಅನ್ನುವುದು ನನ್ನ ಆಸೆ. ಆದರೆ ಹಾಲಿನದ್ದು ಅಂದ ಮಾತ್ರಕ್ಕೆ ಎಷ್ಟು ತಿಂದರೂ ನಡೆಯುತ್ತದೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಎರಡು ಕಪ್, ಒಂದು ತಕ್ಕಡಿ

ಎಲ್ಲರೂ ಜಾರುವ ಜಾಗ ಇದು. ನಾನೂ ಜಾರಿದ್ದೆ.

ಕಪ್ಪಿನ ಮುಂದೆ 100 ಎಂಎಲ್ ಅಂತ ಇರುತ್ತದೆ. ಹಿಂದಿನ ಪಟ್ಟಿಯಲ್ಲಿ ಕ್ಯಾಲೊರಿ, ಕೊಬ್ಬು, ಸಕ್ಕರೆ ಎಲ್ಲ ಬಹಳ ಸಲ 100 ಗ್ರಾಂ ಲೆಕ್ಕದಲ್ಲಿ ಇರುತ್ತದೆ. ನೀರಿನ ಥರ 100 ಎಂಎಲ್ ಅಂದರೆ 100 ಗ್ರಾಂ ಅಂತ ನಾವು ಅಂದುಕೊಳ್ಳುತ್ತೇವೆ. ಐಸ್‌ಕ್ರೀಮ್ ಹಾಗಲ್ಲ. ಅದರಲ್ಲಿ ಗಾಳಿ ಇದೆ. ಯಂತ್ರದಲ್ಲಿ ಕಡೆಯುವಾಗ ಗಾಳಿ ತುಂಬಿಯೇ ಅದು ಮೆತ್ತಗಾಗುವುದು. ಗಾಳಿ ಇಲ್ಲದಿದ್ದರೆ ಕಲ್ಲಿನಂಥ ಗಡ್ಡೆ ಆಗುತ್ತದೆ. ಗಾಳಿ ತಪ್ಪಲ್ಲ, ಆದರೆ ಎಷ್ಟು ಅನ್ನುವುದು ಮುಖ್ಯ. ಒಂದು ಲೀಟರ್ ಐಸ್‌ಕ್ರೀಮ್ ಕಡಿಮೆ ಅಂದರೂ 525 ಗ್ರಾಂ ತೂಗಬೇಕು ಅಂತ ನಿಯಮ. ಅಂದರೆ ಲೀಟರಿಗೆ ಅರ್ಧ ಕಿಲೋ ಮೇಲೆ ಒಂದಿಷ್ಟು ಇದ್ದರೂ ಸಾಕು. ಮೀಡಿಯಂ ಫ್ಯಾಟ್, ಲೋ ಫ್ಯಾಟ್ ಆದರೆ 475 ಗ್ರಾಂ ಇದ್ದರೂ ನಡೆಯುತ್ತದೆ.

ನಮ್ಮ ಮನೆಯಲ್ಲಿ ಕೇಕಿಗೆ ಹಿಟ್ಟು ತೂಗುವ ಸಣ್ಣ ತಕ್ಕಡಿ ಇದೆ. ಒಂದು ಸಂಜೆ ಎರಡು ಬೇರೆ ಬೇರೆ ಕಂಪನಿಯ 100 ಎಂಎಲ್ ವೆನಿಲಾ ಕಪ್ ತಂದು ತೂಗಿದೆ. ಖಾಲಿ ಕಪ್ಪಿನ ತೂಕ ಕಳೆದ ಮೇಲೆ ಒಂದು 54 ಗ್ರಾಂ. ಇನ್ನೊಂದು 72. ಮೊದಲನೆಯದು 10 ರೂಪಾಯಿ ಕಡಿಮೆ ಬೆಲೆಯದು. ಚಮಚ ಹಾಕಿದರೆ ಅದು ಹತ್ತಿಯ ಥರ ಒಳಗೆ ಇಳಿಯಿತು. ಎರಡನೆಯದಕ್ಕೆ ಚಮಚ ಸ್ವಲ್ಪ ಒತ್ತಬೇಕಾಯಿತು, ತೆಗೆದ ಕಡೆ ಗೋಡೆ ಹಾಗೆಯೇ ನಿಂತಿತು. ಮಗ ಎರಡನ್ನೂ ತಟ್ಟೆಯಲ್ಲಿ ಕರಗಲು ಬಿಟ್ಟ. ಮೊದಲನೆಯದು ಕರಗಿ ತಟ್ಟೆಯ ತಳದಲ್ಲಿ ತೆಳ್ಳಗೆ ಹರಡಿತು. ಮೇಲೆ ನೊರೆ, ನೊರೆ ಒಡೆದರೆ ಅಷ್ಟೇ ಗಾಳಿ.

ಈಗ ಲೆಕ್ಕ ನೋಡಿ. ಸಾಮಾನ್ಯ ವೆನಿಲಾ ಐಸ್‌ಕ್ರೀಮ್ 100 ಗ್ರಾಂಗೆ ಸುಮಾರು 200 ಕ್ಯಾಲೊರಿ. ಹಾಗಾದರೆ 54 ಗ್ರಾಂ ಕಪ್ಪಿನಲ್ಲಿ 110 ಕ್ಯಾಲೊರಿಯ ಹತ್ತಿರ. 72 ಗ್ರಾಂ ಕಪ್ಪಿನಲ್ಲಿ 145ರ ಹತ್ತಿರ. ಕೆನೆ ಜಾಸ್ತಿ ಹಾಕಿದ ದುಬಾರಿ ಐಸ್‌ಕ್ರೀಮ್ ಆದರೆ ಇನ್ನೂ ಮೇಲೆ. ದುಬಾರಿ ಅಂದರೆ ಹಗುರ ಅಲ್ಲ, ಭಾರ. ಗಾಳಿ ಕಡಿಮೆ, ಕೆನೆ ಜಾಸ್ತಿ, ಅದಕ್ಕೇ ರುಚಿ. ಒಳ್ಳೆಯ ಐಸ್‌ಕ್ರೀಮ್ ತಗೊಳ್ಳುವುದಾದರೆ ಸಣ್ಣ ಕಪ್ ತಗೊಳ್ಳಿ ಅಂತ ನಾನು ಹೇಳುವುದು ಇದಕ್ಕೆ. 50 ಎಂಎಲ್ ಗಟ್ಟಿ ಐಸ್‌ಕ್ರೀಮ್ ನಿಧಾನಕ್ಕೆ ತಿಂದರೆ ಬಾಯಿಗೂ ತೃಪ್ತಿ, ಮನಸ್ಸಿಗೂ ತೃಪ್ತಿ.

ಬೆಲೆ ಹೋಲಿಸುವಾಗಲೂ ಇದೇ. "ಇದು 700 ಎಂಎಲ್, ಅದೂ 700 ಎಂಎಲ್, ಇದು 40 ರೂಪಾಯಿ ಕಡಿಮೆ" ಅಂತ ಎತ್ತಿಕೊಳ್ಳಬೇಡಿ. ಕೆಲವು ಡಬ್ಬಿಗಳ ಮೇಲೆ ಗ್ರಾಂ ಕೂಡ ಬರೆದಿರುತ್ತಾರೆ. ಬರೆದಿಲ್ಲದಿದ್ದರೆ ಎರಡೂ ಕೈಯಲ್ಲಿ ಒಂದೊಂದು ಹಿಡಿದು ನೋಡಿ. ದೊಡ್ಡ ಡಬ್ಬಿಯಲ್ಲಿ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಸಂತೆಯಲ್ಲಿ ಕಲ್ಲಂಗಡಿ ಎತ್ತಿ ನೋಡುವುದಿಲ್ಲವೇ, ಹಾಗೆ.

ಸಕ್ಕರೆ

ಹಾಲೋ ಎಣ್ಣೆಯೋ ಅನ್ನುವ ಗಲಾಟೆಯಲ್ಲಿ ಸಕ್ಕರೆ ಸದ್ದಿಲ್ಲದೆ ಪಾರಾಗಿಬಿಡುತ್ತದೆ. ನನ್ನ ಮಟ್ಟಿಗೆ ಪಟ್ಟಿಯಲ್ಲಿ ಮೊದಲು ನೋಡಬೇಕಾದ ಸಾಲು ಇದೇ.

ತಣ್ಣಗಿರುವ ಪದಾರ್ಥದಲ್ಲಿ ಸಿಹಿ ನಾಲಿಗೆಗೆ ಕಡಿಮೆ ಗೊತ್ತಾಗುತ್ತದೆ. ಕರಗಿದ ಐಸ್‌ಕ್ರೀಮ್ ಒಂದು ಗುಟುಕು ಕುಡಿದು ನೋಡಿ, ಗಂಟಲು ಕಟ್ಟುವಷ್ಟು ಸಿಹಿ ಇರುತ್ತದೆ. ಅಷ್ಟೂ ಸಕ್ಕರೆ ಮೊದಲೇ ಇತ್ತು, ತಣ್ಣಗಿದ್ದಾಗ ಗೊತ್ತಾಗಿರಲಿಲ್ಲ. ಸಕ್ಕರೆಗೆ ಇನ್ನೊಂದು ಕೆಲಸವೂ ಇದೆ. ನೀರು ಗಟ್ಟಿ ಮಂಜುಗಡ್ಡೆ ಆಗದಂತೆ ತಡೆದು, ಐಸ್‌ಕ್ರೀಮನ್ನು ಚಮಚಕ್ಕೆ ಸಿಗುವಷ್ಟು ಮೆತ್ತಗೆ ಇಡುತ್ತದೆ. ಹಾಗಾಗಿ ಕಂಪನಿಗಳಿಗೆ ಸಕ್ಕರೆ ಇಳಿಸುವುದು ಸುಲಭ ಅಲ್ಲ.

ಪಟ್ಟಿಯಲ್ಲಿ ಸಕ್ಕರೆಯ ಎರಡು ಸಾಲು ಇರುತ್ತವೆ. ಒಟ್ಟು ಸಕ್ಕರೆ ಒಂದು, ಸೇರಿಸಿದ ಸಕ್ಕರೆ ಇನ್ನೊಂದು. ಹಾಲಿನಲ್ಲೇ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಇದೆ, ಐಸ್‌ಕ್ರೀಮಿನಲ್ಲಿ ಅದು 100 ಗ್ರಾಂಗೆ 5–6 ಗ್ರಾಂ ಬರುತ್ತದೆ. ಒಟ್ಟು 22 ಗ್ರಾಂ ಇದ್ದರೆ ಮೇಲಿಂದ ಸುರಿದದ್ದು ಸುಮಾರು 16–17. ಎರಡು ಕಂಪನಿ ಹೋಲಿಸುವಾಗ ಸೇರಿಸಿದ ಸಕ್ಕರೆಯ ಸಾಲು ಹೋಲಿಸಿ. ಒಟ್ಟು ಸಕ್ಕರೆ ಹೋಲಿಸಿದರೆ ಹಾಲು ಜಾಸ್ತಿ ಹಾಕಿದವನಿಗೆ ಸುಮ್ನೆ ಅನ್ಯಾಯ ಆಗುತ್ತದೆ. ಗ್ಲುಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಕಾರ್ನ್ ಸಿರಪ್ ಅಂತ ಕಂಡರೂ ಅವೆಲ್ಲ ಸಕ್ಕರೆಯ ಬಳಗವೇ. ಮಾಲ್ಟೋಡೆಕ್ಸ್‌ಟ್ರಿನ್ ಸಿಹಿ ಇರುವುದಿಲ್ಲ, ಆದರೆ ರಕ್ತದ ಸಕ್ಕರೆ ಏರಿಸುವುದರಲ್ಲಿ ಹಿಂದೆ ಬೀಳುವುದಿಲ್ಲ. ಪದಾರ್ಥಗಳ ಸಾಲಿನಲ್ಲಿ ತೂಕದಲ್ಲಿ ಯಾವುದು ಜಾಸ್ತಿಯೋ ಅದು ಮೊದಲು ಬರುತ್ತದೆ. ಹಾಲು, ಕೆನೆ ಮೊದಲು ಬಂದು ಆಮೇಲೆ ಸಕ್ಕರೆ ಬಂದರೆ ಒಳ್ಳೆಯ ಗುರುತು. ನೀರು, ಸಕ್ಕರೆ, ಎಣ್ಣೆ ಅಂತ ಶುರುವಾದರೆ ನಿಮಗೇ ತಿಳಿಯುತ್ತದೆ.

ದಿನಕ್ಕೆ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹೀಗೆ ಸೇರಿಸಿದ ಸಕ್ಕರೆ ದಿನಕ್ಕೆ 50 ಗ್ರಾಂ ಒಳಗೆ ಇರಬೇಕು, 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ಪೊಟ್ಟಣದ ಮೇಲಿನ ಶೇಕಡಾವಾರು 50 ಗ್ರಾಂ ಲೆಕ್ಕದ್ದು. ಸಣ್ಣ 54 ಗ್ರಾಂ ಕಪ್ಪಿನಲ್ಲಿ ಸೇರಿಸಿದ ಸಕ್ಕರೆ 9 ಗ್ರಾಂ, ಅಂದರೆ ಎರಡು ಚಹಾ ಚಮಚಕ್ಕಿಂತ ಸ್ವಲ್ಪ ಮೇಲೆ. ಒಂದು ಕಪ್ ಚಹಾಕ್ಕೆ ನಮ್ಮ ಕಡೆ ಹಾಕುವಷ್ಟೇ. ಇದು ದೊಡ್ಡದಲ್ಲ. ದೊಡ್ಡದಾಗುವುದು ಫ್ಯಾಮಿಲಿ ಪ್ಯಾಕ್. 700 ಎಂಎಲ್ ಡಬ್ಬಿ ಸುಮಾರು 380 ಗ್ರಾಂ. ನಾಲ್ಕು ಜನ ಒಂದೇ ರಾತ್ರಿ ಖಾಲಿ ಮಾಡಿದರೆ ತಲೆಗೆ 95 ಗ್ರಾಂ, 190 ಕ್ಯಾಲೊರಿ, 16 ಗ್ರಾಂ ಸಕ್ಕರೆ. "ಫ್ರಿಜ್ಜಿನಲ್ಲಿ ಇಟ್ಟರೆ ಕರೆಂಟ್ ಹೋಗಿ ಕರಗುತ್ತದೆ, ಮುಗಿಸಿಬಿಡಿ" ಅಂತ ನಾನೇ ಎಷ್ಟೋ ಸಲ ಹೇಳಿದ್ದೇನೆ. ಈಗ ಡಬ್ಬಿ ಬಿಟ್ಟು ಕಪ್ ತರುತ್ತೇನೆ. ಗ್ರಾಂ ಲೆಕ್ಕದಲ್ಲಿ ಕಪ್ ದುಬಾರಿ ಬೀಳುತ್ತದೆ, ಆದರೆ ತಿನ್ನುವುದು ಅರ್ಧಕ್ಕೆ ಇಳಿಯಿತು.

"ಹಾಲಿನದ್ದಲ್ವಾ, ಮಕ್ಕಳಿಗೆ ಕ್ಯಾಲ್ಸಿಯಂ ಸಿಗುತ್ತದೆ" ಅನ್ನುವವರಿಗೆ ಒಂದು ಮಾತು. ಸಿಗುತ್ತದೆ. 100 ಗ್ರಾಂಗೆ 120–130 ಮಿಲಿಗ್ರಾಂ, ಜೊತೆಗೆ 3.5 ಗ್ರಾಂ ಪ್ರೋಟೀನ್. ಆದರೆ ಒಂದು ಲೋಟ ಆಕಳ ಹಾಲಿನಲ್ಲಿ, 200 ಎಂಎಲ್‌ನಲ್ಲಿ, 6 ಗ್ರಾಂ ಮೇಲೆ ಪ್ರೋಟೀನ್ ಇದೆ. ಅಷ್ಟನ್ನು ಐಸ್‌ಕ್ರೀಮಿನಿಂದ ತೆಗೆಯಬೇಕು ಅಂದರೆ ಆ 700 ಎಂಎಲ್ ಡಬ್ಬಿಯ ಹತ್ತಿರ ಹತ್ತಿರ ಅರ್ಧ ಒಬ್ಬರೇ ತಿನ್ನಬೇಕು. ಹಾಲು ಬಿಟ್ಟು ಐಸ್‌ಕ್ರೀಮ್ ಕೊಡುವ ಲೆಕ್ಕ ಕೂಡುವುದಿಲ್ಲ.

ಕಪ್, ಕೋನ್, ಬಾರ್, ಕುಲ್ಫಿ, ಕ್ಯಾಂಡಿ

ಕ್ಯಾಲೊರಿ ಎಲ್ಲಕ್ಕಿಂತ ಕಡಿಮೆ ಐಸ್ ಕ್ಯಾಂಡಿಯಲ್ಲಿ. ಕೊಬ್ಬು ಇಲ್ಲವೇ ಇಲ್ಲ. ಆದರೆ ನೀರು, ಸಕ್ಕರೆ, ಬಣ್ಣ, ವಾಸನೆ ಬಿಟ್ಟರೆ ಒಳಗೆ ಬೇರೆ ಏನೂ ಇರುವುದಿಲ್ಲ. 60 ಎಂಎಲ್‌ನ ಒಂದು ಕ್ಯಾಂಡಿಯಲ್ಲಿ 10 ಗ್ರಾಂ ಹತ್ತಿರ ಸಕ್ಕರೆ, ಅಷ್ಟೂ ಮೇಲಿಂದ ಹಾಕಿದ್ದು. ಕೊಬ್ಬು, ಪ್ರೋಟೀನ್ ಇಲ್ಲದ ಕಾರಣ ಅದು ಬೇಗ ರಕ್ತಕ್ಕೆ ಸೇರುತ್ತದೆ. ತೂಕ ಇಳಿಸುವವರಿಗೆ ಕ್ಯಾಂಡಿ ನಡೆದೀತು. ಸಕ್ಕರೆ ಕಾಯಿಲೆಯವರಿಗೆ "ಇದರಲ್ಲಿ ಹಾಲಿಲ್ಲ, ಹಗುರ" ಅಂತ ಕೊಡಬೇಡಿ.

ಚೋಕೋಬಾರ್ ನೋಡಲು ಸಣ್ಣದು. ಆದರೆ ಅದರ ಹೊರಗಿನ ಪದರ ಇದೆಯಲ್ಲ, ಅದು ಬಹಳ ಸಲ ಅಸಲಿ ಚಾಕೊಲೇಟ್ ಅಲ್ಲ, ಸಸ್ಯಜನ್ಯ ಕೊಬ್ಬು, ಸಕ್ಕರೆ, ಕೋಕೋ ಪುಡಿ ಸೇರಿಸಿದ್ದು. ಒಳಗೆ ಹಾಲಿನ ಐಸ್‌ಕ್ರೀಮ್ ಇದ್ದರೂ ಹೊರಗೆ ಎಣ್ಣೆ ಇರುತ್ತದೆ. ಈ ಪದರದಿಂದ 100 ಗ್ರಾಂಗೆ 300 ಕ್ಯಾಲೊರಿ ಹತ್ತಿರ ಹೋಗುತ್ತದೆ. ಕೋನ್ ಗಾತ್ರದಲ್ಲೇ ದೊಡ್ಡದು, 110–120 ಎಂಎಲ್. ಮೇಲೆ ಬೀಜ, ಸಾಸ್, ಒಳಗೆ ಬಿಸ್ಕತ್ತಿನ ಕೋನ್, ಕೋನಿನ ತಳದಲ್ಲಿ ಚಾಕೊಲೇಟಿನ ಗಟ್ಟಿ ತುಂಡು. ಮಕ್ಕಳು ಕಾಯುವುದೇ ಆ ತುಂಡಿಗೆ. ಒಂದು ಕೋನ್ ಅಂದರೆ ಎರಡು ಸಣ್ಣ ಕಪ್ ತಿಂದ ಹಾಗೆ ಅಂತ ಇಟ್ಟುಕೊಳ್ಳಿ.

ಕುಲ್ಫಿ ಬಗ್ಗೆ ನನಗೆ ಪ್ರೀತಿ ಜಾಸ್ತಿ, ಅದಕ್ಕೇ ಸರಿಯಾಗಿ ಹೇಳಬೇಕು. ಹಾಲು ಬತ್ತಿಸಿ ಮಾಡಿದ್ದು, ಕಡೆಯುವುದಿಲ್ಲ, ಗಾಳಿ ಬಹಳ ಕಡಿಮೆ. 60 ಎಂಎಲ್ ಕಡ್ಡಿ ಕುಲ್ಫಿ 60 ಗ್ರಾಂ ಹತ್ತಿರವೇ ತೂಗುತ್ತದೆ. ಅಂದರೆ 60 ಎಂಎಲ್ ಕುಲ್ಫಿ ಮತ್ತು 100 ಎಂಎಲ್ ಗಾಳಿ ತುಂಬಿದ ಕಪ್, ಎರಡೂ ಹೊಟ್ಟೆಗೆ ಹೆಚ್ಚು ಕಡಿಮೆ ಒಂದೇ ಭಾರ. ಹಾಲು ಬತ್ತಿದಷ್ಟು ಪ್ರೋಟೀನ್, ಕ್ಯಾಲ್ಸಿಯಂ ಏರುತ್ತದೆ, ಕೊಬ್ಬೂ ಏರುತ್ತದೆ. ಚೀಪಿ ಚೀಪಿ ನಿಧಾನಕ್ಕೆ ತಿನ್ನುವುದರಿಂದ ಒಂದಕ್ಕೇ ಮನಸ್ಸು ನಿಲ್ಲುತ್ತದೆ. ನಮ್ಮವರಿಗೆ ಸಣ್ಣ ಕಡ್ಡಿ ಕುಲ್ಫಿ ವಾರಕ್ಕೆ ಒಂದು ಅಂತ ಒಪ್ಪಂದ ಆಗಿದೆ. ಮಣ್ಣಿನ ಕುಡಿಕೆಯಲ್ಲಿ ಬರುವ ದೊಡ್ಡ ಮಟ್ಕಾ ಕುಲ್ಫಿ ಮಾತ್ರ ಇಬ್ಬರು ಹಂಚಿಕೊಳ್ಳಬೇಕು.

"ಶುಗರ್ ಫ್ರೀ" ಡಬ್ಬಿ

ಅತ್ತೆಗಾಗಿ ನಾನು ಮೊದಲು ತಂದದ್ದು ಇದನ್ನೇ. ದುಬಾರಿ ಇತ್ತು. "ಇದು ಶುಗರ್ ಫ್ರೀ, ತಿನ್ರಿ" ಅಂದೆ. ಅವರು ಖುಷಿಯಿಂದ ದೊಡ್ಡ ಬಟ್ಟಲು ತಿಂದರು. ಆ ರಾತ್ರಿ ಹೊಟ್ಟೆ ಗುಡುಗುಡು, ನಾಲ್ಕು ಸಲ ಎದ್ದರು. ಮರುದಿನ ಡಬ್ಬಿ ತಿರುಗಿಸಿದರೆ ಸಣ್ಣ ಅಕ್ಷರದಲ್ಲಿ ಎಚ್ಚರಿಕೆ ಇತ್ತು, ಪಾಲಿಯೋಲ್‌ಗಳಿಂದ ಭೇದಿ ಆಗಬಹುದು ಅಂತ. ಓದದೆ ಕೊಟ್ಟದ್ದಕ್ಕೆ ಇವತ್ತಿಗೂ ನನಗೆ ಸಂಕಟ.

ಸಕ್ಕರೆ ಬದಲು ಇಂಥವುಗಳಲ್ಲಿ ಮಾಲ್ಟಿಟಾಲ್, ಸಾರ್ಬಿಟಾಲ್ ಥರದ ಪದಾರ್ಥ ಹಾಕುತ್ತಾರೆ. ಇವೇ ಪಾಲಿಯೋಲ್‌ಗಳು. ಇವು ಕರುಳಿನಲ್ಲಿ ಪೂರ್ತಿ ಅರಗುವುದಿಲ್ಲ, ಜಾಸ್ತಿ ಆದರೆ ನೀರು ಎಳೆದುಕೊಂಡು ಹೊಟ್ಟೆ ಕೆಡಿಸುತ್ತವೆ. ಮಾಲ್ಟಿಟಾಲ್ ರಕ್ತದ ಸಕ್ಕರೆಯನ್ನು ಸಕ್ಕರೆಗಿಂತ ಕಡಿಮೆ ಏರಿಸುತ್ತದೆ, ಆದರೆ ಏರಿಸುವುದೇ ಇಲ್ಲ ಅಂತಲ್ಲ. ಕೊಬ್ಬು ಎಷ್ಟಿತ್ತೋ ಅಷ್ಟೇ ಇರುತ್ತದೆ, ಹಾಗಾಗಿ ಕ್ಯಾಲೊರಿ ಬಹಳ ಇಳಿಯುವುದಿಲ್ಲ. "ಸಕ್ಕರೆ ಸೇರಿಸಿಲ್ಲ" ಅನ್ನುವುದಂತೂ ಬೇರೆಯೇ ಮಾತು. ಅದರಲ್ಲಿ ಹಾಲಿನ ಸಕ್ಕರೆ, ಹಣ್ಣಿನ ಸಕ್ಕರೆ ಇದ್ದೇ ಇರುತ್ತದೆ.

ಈಗ ಅತ್ತೆಗೆ ಸಾದಾ ಹಾಲಿನ ಐಸ್‌ಕ್ರೀಮ್, ಸಣ್ಣ ಕಪ್ಪಿನ ಅರ್ಧ. ಊಟದ ಜೊತೆಗೇ, ಒಂದು ರೊಟ್ಟಿ ಕಡಿಮೆ ಮಾಡಿ. ಡಾಕ್ಟರರನ್ನು ಕೇಳಿಯೇ ಇದನ್ನು ಶುರು ಮಾಡಿದೆವು. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ನೀವೂ ಮೊದಲು ಅವರ ಡಾಕ್ಟರರನ್ನು ಕೇಳಿ. ಒಬ್ಬೊಬ್ಬರ ದೇಹ, ಒಬ್ಬೊಬ್ಬರ ಮಾತ್ರೆ ಬೇರೆ. ಅತ್ತೆ ಸ್ಟೀಲ್ ಬಟ್ಟಲಲ್ಲಿ ಹಾಕಿಕೊಂಡು ಚಮಚದ ತುದಿಯಲ್ಲಿ ಸ್ವಲ್ಪ ಸ್ವಲ್ಪ ತೆಗೆದು ತಿನ್ನುತ್ತಾರೆ. ಹತ್ತು ನಿಮಿಷ ಬರುತ್ತದೆ.

ಹೊಸದಾಗಿ ಪ್ರೋಟೀನ್ ಐಸ್‌ಕ್ರೀಮ್ ಅಂತಲೂ ಬಂದಿದೆ. ಅದಕ್ಕೆ ಕೊಡುವ ದುಡ್ಡಿನಲ್ಲಿ ಒಂದು ವಾರದ ಮೊಸರು ಬರುತ್ತದೆ. ನನಗೆ ಬೇಡ.

ನಂಬರುಗಳಿಗೆ ಹೆದರಬೇಕೇ?

ಪದಾರ್ಥಗಳ ಸಾಲಿನಲ್ಲಿ 412, 407, 471 ಅಂತ ನಂಬರ್ ಕಂಡರೆ "ಕೆಮಿಕಲ್" ಅಂತ ಗಾಬರಿ ಆಗುವವರಿದ್ದಾರೆ. 412 ಅಂದರೆ ಗೌರ್ ಗಮ್. ನಮ್ಮ ಚವಳಿಕಾಯಿ (ಗೋರಿಕಾಯಿ) ಬೀಜದಿಂದ ತೆಗೆದ ಅಂಟು! ಮನೆಯಲ್ಲಿ ವಾರಕ್ಕೊಮ್ಮೆ ಪಲ್ಯ ಮಾಡುವ ಅದೇ ಚವಳಿಕಾಯಿ. 407 ಸಮುದ್ರದ ಪಾಚಿಯಿಂದ ಬರುತ್ತದೆ. 471 ಕೊಬ್ಬು ಮತ್ತು ನೀರನ್ನು ಬೆಸೆಯುತ್ತದೆ. "ಅರ್ಧ ತಾಸಾದರೂ ಕರಗಲಿಲ್ಲ, ಪ್ಲಾಸ್ಟಿಕ್ ಇದೆ" ಅಂತ ವಿಡಿಯೋ ಮಾಡುತ್ತಾರಲ್ಲ, ಅದು ಬಹುತೇಕ ಈ ಅಂಟುಗಳು ಮತ್ತು ಒಳಗಿನ ಗಾಳಿಯ ಕೆಲಸ. ಬೇಗ ಕರಗಿದ್ದು ಒಳ್ಳೆಯದು, ತಡವಾಗಿ ಕರಗಿದ್ದು ಕೆಟ್ಟದ್ದು ಅಂತ ತೀರ್ಪು ಕೊಡಲು ಆಗುವುದಿಲ್ಲ.

ನಾನು ಗಮನ ಕೊಡುವುದು ಬಣ್ಣದ ನಂಬರಿಗೆ. 102, 110, 122 ಇವು ಕೃತಕ ಬಣ್ಣಗಳು. ನಮ್ಮಲ್ಲಿ ಮಿತಿಯೊಳಗೆ ಹಾಕಲು ಅನುಮತಿ ಇದೆ. ಯುರೋಪಿನಲ್ಲಿ 2010ರಿಂದ ಈ ಮೂರೂ ಸೇರಿ ಆರು ಬಣ್ಣ ಹಾಕಿದ ಪದಾರ್ಥದ ಮೇಲೆ, ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಪರಿಣಾಮ ಆಗಬಹುದು ಅಂತ ಬರೆಯಲೇಬೇಕು. ಅಲ್ಲಿ ಬರೆಯುವುದು ಇಲ್ಲಿ ಬರೆಯದಿದ್ದರೆ ನಾವೇ ನೋಡಿಕೊಳ್ಳಬೇಕು. ಕಣ್ಣು ಕುಕ್ಕುವ ಹಸಿರು ಪಿಸ್ತಾ, ನಾಲಿಗೆ ಕೆಂಪು ಮಾಡುವ ಕ್ಯಾಂಡಿ ಬಿಟ್ಟು ವೆನಿಲಾ, ಬಟರ್‌ಸ್ಕಾಚ್, ಸೀತಾಫಲ, ಅಂಜೂರದ ಕಡೆ ಮಕ್ಕಳನ್ನು ತಿರುಗಿಸಿದ್ದೇನೆ. ಬಟರ್‌ಸ್ಕಾಚಿನಲ್ಲೂ ಕೆಲವರು 102 ಹಾಕುತ್ತಾರೆ, ಓದಿಯೇ ತಗೊಳ್ಳಿ.

ಫ್ರೀಜರ್ ಮುಂದೆ ನಿಂತಾಗ

ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ನಮ್ಮ ಊರಿನ ಬಿಸಿಲು ಮತ್ತು ಕರೆಂಟ್ ಎರಡನ್ನೂ ಮರೆಯುವ ಹಾಗಿಲ್ಲ. ಐಸ್‌ಕ್ರೀಮ್ ಮೈನಸ್ 18 ಡಿಗ್ರಿಯಲ್ಲಿ ಇರಬೇಕು. ಒಮ್ಮೆ ಕರಗಿ ಮತ್ತೆ ಗಟ್ಟಿಯಾದರೆ ಒಳಗಿನ ಸಣ್ಣ ಮಂಜಿನ ಕಣಗಳು ಕೂಡಿ ದೊಡ್ಡವಾಗುತ್ತವೆ, ಹಲ್ಲಿಗೆ ಮರಳು ಸಿಕ್ಕ ಹಾಗೆ ಆಗುತ್ತದೆ. ಕಪ್ ಅಮುಕಿ ನೋಡಿ. ಮುಚ್ಚಳ ಒಳಗೆ ಕುಸಿದಿದ್ದರೆ, ಕೋನಿನ ತುದಿ ಮೆತ್ತಗಾಗಿದ್ದರೆ, ಬಾರ್ ಕವರಿನೊಳಗೆ ಓರೆಯಾಗಿ ಅಂಟಿಕೊಂಡಿದ್ದರೆ, ಹೊರಗೆ ದಪ್ಪ ಮಂಜು ಕಟ್ಟಿದ್ದರೆ ವಾಪಸ್ ಇಡಿ. ಕರಗಿದ ಹಾಲಿನ ಪದಾರ್ಥದಲ್ಲಿ ಕೆಟ್ಟ ಕ್ರಿಮಿಗಳು ಬೆಳೆಯುತ್ತವೆ, ಮತ್ತೆ ಗಟ್ಟಿ ಮಾಡಿದರೆ ಅವು ಸಾಯುವುದಿಲ್ಲ. ವಯಸ್ಸಾದವರು, ಬಸುರಿಯರು, ಸಣ್ಣ ಮಕ್ಕಳು ಇರುವ ಮನೆಯವರು ಇದನ್ನು ಕೊಬ್ಬು, ಸಕ್ಕರೆಗಿಂತ ಮೊದಲು ನೋಡಬೇಕು. ಕರೆಂಟ್ ಹೋದರೂ ಜನರೇಟರ್ ಇರುವ ಅಂಗಡಿ, ಐಸ್‌ಕ್ರೀಮ್ ಬೇಗ ಬೇಗ ಖರ್ಚಾಗುವ ಅಂಗಡಿ ಆರಿಸಿಕೊಳ್ಳಿ. ನಾಲ್ಕು ಹೆಜ್ಜೆ ಜಾಸ್ತಿ ನಡೆದರೂ ಪರವಾಗಿಲ್ಲ.

ಕೊನೆಗೆ ಮದುವೆ, ಸೀಮಂತಕ್ಕೆ ಐಸ್‌ಕ್ರೀಮ್ ಹೇಳುವವರಿಗೆ ಒಂದು ಮಾತು. ಅಡಿಗೆಯವರಿಗೆ "ತಲೆಗೆ ಒಂದು ಐಸ್‌ಕ್ರೀಮ್" ಅಂದರೆ ಅವರು ದೊಡ್ಡ ಡಬ್ಬಿಯ ಫ್ರೋಜನ್ ಡೆಸರ್ಟ್ ತರಬಹುದು, ಅದು ಅಗ್ಗ. ಹಾಲಿನದ್ದೇ ಬೇಕು ಅಂದರೆ ಮಾತಾಡುವಾಗಲೇ ಹೇಳಿ, ಬಿಲ್ಲಿನ ಮೇಲೆ ಹೆಸರು ಬರೆಸಿಕೊಳ್ಳಿ, ಡಬ್ಬಿ ಇಳಿಸುವಾಗ ಒಬ್ಬರು ನಿಂತು ಮುಚ್ಚಳ ಓದಿ. ನಾವು ಕಳೆದ ವರ್ಷ ನಾದಿನಿಯ ಸೀಮಂತಕ್ಕೆ 50 ಎಂಎಲ್‌ನ ಹಾಲಿನ ಕಪ್ ತರಿಸಿದೆವು. ಹಂಚುವ ಕೆಲಸ ಮಕ್ಕಳಿಗೆ ಕೊಟ್ಟಿದ್ದೆವು. ಮಗಳು ಪ್ರತಿ ಕಪ್ ಕೊಡುವ ಮೊದಲು ತಿರುಗಿಸಿ ನೋಡಿಯೇ ಕೊಡುತ್ತಿದ್ದಳು.